ಶಿಶುಶಿಕ್ಷಕಿಯರ ಗುರು ಮಾಂಟೆಸ್ಸೋರಿ

ಮರಿಯಾ ಮಾಂಟೆಸ್ಸೋರಿಯವರು 1870ನೆಯ ಇಸವಿ ಆಗಸ್ಟ್ 31ರಂದು ಇಟಲಿ ದೇಶದಲ್ಲಿ ಜನಿಸಿದರು. 1896ರಲ್ಲಿ ವೈದ್ಯಪದವಿಯನ್ನು ಪಡೆದು, 1907ರಲ್ಲಿ ರೋಮ್ ನಗರದ ಬಡವರ ಕೇರಿಯೊಂದರಲ್ಲಿ ತಮ್ಮ ಮೊದಲನೆಯ ಶಿಶುಗೃಹವನ್ನು ತೆರೆದರು. ಕೈಗೆ ತಕ್ಕ ಕೆಲಸವು ದೊರೆತರೆ ಮಕ್ಕಳು ತಾವಾಗಿಯೇ ಶಾಂತರಾಗಿ ಕಲಿಯುವುದನ್ನು ಅಲ್ಲಿ ಕಂಡರು. ಆದುದರಿಂದ ಗದರಿಸುವುದನ್ನು ಬಿಟ್ಟು ಮಗುವನ್ನು ಗಮನಿಸುವ ವಿದ್ಯೆಯನ್ನು ಮೊದಲು ಉಪಾಧ್ಯಾಯಿನಿಯರೇ ಕಲಿಯಬೇಕೆಂದು ನಿಶ್ಚಯಿಸಿ, 1909ರಲ್ಲಿ ಅವರಿಗಾಗಿ ತರಬೇತಿ ವರ್ಗವನ್ನು ಆರಂಭಿಸಿದರು.

1939ರಲ್ಲಿ, ತಮ್ಮ ಅರುವತ್ತೊಂಬತ್ತನೆಯ ವಯಸ್ಸಿನಲ್ಲಿ, ಮದರಾಸಿನ ಅಡಯಾರಿಗೆ ಬಂದು ಸುಮಾರು 300 ಮಂದಿಗೆ ತರಬೇತಿಯನ್ನಿತ್ತರು. ಮರುವರ್ಷ ಇಟಲಿಯು ಯುದ್ಧಕ್ಕಿಳಿಯಲು, ಬ್ರಿಟಿಷ್ ಸರ್ಕಾರವು ಅವರ ಸಂಚಾರಕ್ಕೆ ನಿರ್ಬಂಧವನ್ನು ವಿಧಿಸಿತು. ಆದರೂ ಪಾಠವು ನಿಲ್ಲಲಿಲ್ಲ. ಮುಂದೆ ಕೊಡೈಕನಾಲಿನಲ್ಲಿಯೂ ನಡೆಯಿತು. 1952ರ ಮೇ 6ರಂದು ಹಾಲೆಂಡ್ ದೇಶದಲ್ಲಿ ಅವರು ದೈವಾಧೀನರಾದರು.

ನಮ್ಮ ಜವನಗೊಂಡನಹಳ್ಳಿಯಂತಹ ಊರುಗಳಲ್ಲಿ ಮಗುವಿಗೆ ಮೊದಲ ಗುರುವು ಅಂಗನವಾಡಿಯ ಕಾರ್ಯಕರ್ತೆಯೇ ಆಗಿರುವಳು. ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವುದಕ್ಕೆ ಓದೇಕೆಂದು ಕೇಳುವವರು ಇಂದಿಗೂ ಉಂಟು. ತಾಯಿತಂದೆಗಳೇ, ನಿಮ್ಮ ಮಗಳು ಶಿಶುಶಿಕ್ಷಣದ ತರಬೇತಿಗೆ ಹೋಗಬಯಸಿದರೆ ತಡೆಯಬೇಡಿರಿ. ಪೂರ್ವ ವಿದ್ಯಾರ್ಥಿನಿಯರೇ, ಈಗಾಗಲೇ ಆ ಕೆಲಸದಲ್ಲಿರುವ ನೀವು ಕಲಿಯುವುದನ್ನು ನಿಲ್ಲಿಸಬೇಡಿರಿ. ವೈದ್ಯೆಯಾಗಿದ್ದ ಆ ಮಹನೀಯಳು ಮುಪ್ಪಿನವರೆಗೂ ಮಗುವಿನಿಂದ ಕಲಿಯುತ್ತಲೇ ಇದ್ದರು.