ಮೊದಲು ಸಿಕ್ಕಿದ್ದು ಧರ್ಮ, ಆಮೇಲೆ ಸಿಕ್ಕಿದ್ದು ಕ್ರಿಸ್ತ: ಪಂಡಿತಾ ರಮಾಬಾಯಿ ಬದುಕಿನ ಕಥೆ

ಪುಣೆಯಿಂದ ದೌಂಡ್ ಕಡೆಗೆ ಹೋಗುವ ರೈಲು ಮಾರ್ಗದಲ್ಲಿ ಕೇಡಗಾಂವ್ ಎಂಬ ಊರು ಸಿಗುತ್ತದೆ. ಬರಗಾಲದಲ್ಲಿ ದಿಕ್ಕಿಲ್ಲದಂತಾದ ಹೆಣ್ಣುಮಕ್ಕಳಿಗೆ, ವಿಧವೆಯರಿಗೆ ಆಸರೆಯಾದ ಮುಕ್ತಿ ಮಿಷನ್ ಇರುವುದು ಇಲ್ಲೇ. ಅದನ್ನು ಕಟ್ಟಿದ ಪಂಡಿತಾ ರಮಾಬಾಯಿ ಹುಟ್ಟಿದ್ದು ಮಾತ್ರ ಕರ್ನಾಟಕದ ಪಶ್ಚಿಮ ಘಟ್ಟದಲ್ಲಿ. ಸಂಸ್ಕೃತ ವಿದುಷಿ, ಸ್ತ್ರೀ ಶಿಕ್ಷಣಕ್ಕಾಗಿ ಹೋರಾಡಿದವರು ಎಂದು ಅವರನ್ನು ಬಲ್ಲವರು ಹಲವರಿದ್ದಾರೆ. ಆದರೆ ತಮ್ಮ ಬದುಕಿನ ದೊಡ್ಡ ತಿರುವು ಎಂದು ರಮಾಬಾಯಿ ಗುರುತಿಸಿದ್ದು ಬೇರೆಯದನ್ನು. ಕ್ರೈಸ್ತರಾಗಿ ಸುಮಾರು ಎಂಟು ವರ್ಷ ಕಳೆದ ಮೇಲೆ, ತಮ್ಮ ಕೈಗೆ ಬಂದಿರುವುದು ಕ್ರೈಸ್ತ ಧರ್ಮವೇ ಹೊರತು ಕ್ರಿಸ್ತನಲ್ಲ ಎಂದು ಅವರಿಗೆ ಅರಿವಾಯಿತು.

ಗಂಗಾಮೂಲದಿಂದ ಕಲ್ಕತ್ತೆಗೆ

ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಚಿತ್ಪಾವನ ಬ್ರಾಹ್ಮಣ ಪಂಡಿತರು. ಹೆಣ್ಣಿಗೆ ಸಂಸ್ಕೃತ ಸಲ್ಲದು ಎನ್ನುತ್ತಿದ್ದ ಕಾಲದಲ್ಲಿ ಅವರು ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಆ ತಾಯಿಯೇ ಮಗಳಿಗೆ ಗುರುವಾದರು.

ರಮಾಬಾಯಿ ಇನ್ನೂ ಕೂಸಾಗಿದ್ದಾಗಲೇ ಕುಟುಂಬ ಮನೆ ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಊರೂರು ತಿರುಗುವುದು, ಪುರಾಣ ಹೇಳುವುದು, ಸಿಕ್ಕಿದ್ದರಲ್ಲಿ ದಿನ ದೂಡುವುದು, ಇದೇ ಬದುಕಾಯಿತು. 1870ರ ದಶಕದ ಬರಗಾಲದಲ್ಲಿ ಅದೂ ಕೈಕೊಟ್ಟಿತು. ಕೆಲವೇ ತಿಂಗಳ ಅಂತರದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ತೀರಿಕೊಂಡರು. ತಂದೆ ಕೊನೆಗಾಲದಲ್ಲಿ ಕಿರಿಮಗಳನ್ನು ಹತ್ತಿರ ಎಳೆದುಕೊಂಡು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ಬಾಳಿನುದ್ದಕ್ಕೂ ಅವನ ಸೇವೆ ಮಾಡು ಎಂದು ಹೇಳಿದ್ದನ್ನು ರಮಾಬಾಯಿ ಎಂದೂ ಮರೆಯಲಿಲ್ಲ.

ಉಳಿದದ್ದು ಅಣ್ಣ ಶ್ರೀನಿವಾಸ ಮತ್ತು ತಂಗಿ. ಇಬ್ಬರೂ ಬಹುಪಾಲು ಕಾಲ್ನಡಿಗೆಯಲ್ಲೇ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆ ತಲುಪಿದರು. ಇಪ್ಪತ್ತರ ಆಸುಪಾಸಿನ ಯುವತಿಯ ಪಾಂಡಿತ್ಯ ಕಂಡು ಅಲ್ಲಿನ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಆದರೆ 1880ರಲ್ಲಿ ಅಣ್ಣನೂ ಹೋದರು. ಅದೇ ವರ್ಷ ಅವರು ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧವಿ ಅವರನ್ನು ಮದುವೆಯಾದರು. ಜಾತಿ ಮೀರಿದ ಮದುವೆ ಅದು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಕಾಲರಾ ಗಂಡನನ್ನು ಕೊಂಡೊಯ್ದಿತು. ಇಪ್ಪತ್ನಾಲ್ಕು ತುಂಬುವ ಮೊದಲೇ ರಮಾಬಾಯಿ ವಿಧವೆ.

ದೀಕ್ಷಾಸ್ನಾನ ಮತ್ತು ತಕರಾರು

ಪುಣೆಗೆ ಬಂದ ಅವರು ಆರ್ಯ ಮಹಿಳಾ ಸಮಾಜ ಕಟ್ಟಿದರು. ವೈದ್ಯಕೀಯ ಓದುವ ಆಸೆಯಿಂದ 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗುತ್ತ ಬಂದದ್ದರಿಂದ ಆ ಓದು ಕೈಗೂಡಲಿಲ್ಲ. ಅಲ್ಲಿ ಕ್ರೈಸ್ತ ಸನ್ಯಾಸಿನಿಯರು ದಾರಿ ತಪ್ಪಿದವರೆಂದು ಸಮಾಜ ತಳ್ಳಿದ ಹೆಂಗಸರನ್ನು ಪ್ರೀತಿಯಿಂದ ನೋಡಿಕೊಳ್ಳುವುದನ್ನು ಕಂಡರು. ಸಮಾರ್ಯದ ಹೆಂಗಸಿನ ಜೊತೆ ಯೇಸು ಮಾತನಾಡಿದ ಕಥೆ ಅವರ ಮನಸ್ಸಿನಲ್ಲಿ ನಿಂತಿತು. ಅದೇ ವರ್ಷ ಸೆಪ್ಟೆಂಬರ್ 29ರಂದು ವಾಂಟೇಜ್‌ನಲ್ಲಿ ಮಗಳ ಜೊತೆ ದೀಕ್ಷಾಸ್ನಾನ ಪಡೆದರು.

ಆದರೆ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಜಾಯಮಾನ ಅವರದ್ದಾಗಿರಲಿಲ್ಲ. ತ್ರಿಯೇಕ ದೇವರ ಸಿದ್ಧಾಂತವನ್ನು ಪ್ರಶ್ನಿಸಿದರು. ಕೊರಳಿನ ಶಿಲುಬೆಯ ಮೇಲೆ ಲ್ಯಾಟಿನ್ ಏಕೆ, ಸಂಸ್ಕೃತ ಏಕಾಗಬಾರದು ಎಂದು ಕೇಳಿದರು. ಮಾಂಸ ಮುಟ್ಟಲಿಲ್ಲ, ಸೀರೆ ಬಿಡಲಿಲ್ಲ. ತಮ್ಮ ಆತ್ಮಸಾಕ್ಷಿಗೆ ಬಿಷಪ್ಪರೂ ಒಡೆಯರಲ್ಲ ಎಂಬುದು ಅವರ ನಿಲುವು. ಚರ್ಚಿನ ಹಿರಿಯರಿಗೆ ಇದು ಅಹಂಕಾರವಾಗಿ ಕಂಡಿತು. ಇತ್ತ ಭಾರತದಲ್ಲಿ ಅವರ ಮತಾಂತರ ಹಲವರ ಮನಸ್ಸನ್ನು ನೋಯಿಸಿತ್ತು.

ಅಮೆರಿಕದ ದಾನಿಗಳ ನೆರವಿನಿಂದ 1889ರ ಮಾರ್ಚ್ 11ರಂದು ಮುಂಬೈಯಲ್ಲಿ ಬಾಲವಿಧವೆಯರ ಶಾಲೆ ಶಾರದಾ ಸದನ ಶುರುವಾಯಿತು. ಮರುವರ್ಷ ಅದು ಪುಣೆಗೆ ಬಂತು.

ಎಂಟು ವರ್ಷದ ನಂತರದ ಅರಿವು

ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿತ್ತು. ಶಾಲೆಯಿತ್ತು, ಹೆಸರಿತ್ತು, ಬೈಬಲ್ ಜ್ಞಾನವಿತ್ತು. ಒಳಗೆ ಮಾತ್ರ ನೆಮ್ಮದಿ ಇರಲಿಲ್ಲ. 1891ರ ಹೊತ್ತಿಗೆ ವಿಲಿಯಂ ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕಥೆ ಅವರ ಕೈಗೆ ಬಂತು. ಪಾದ್ರಿಯಾಗಿ ವರ್ಷಗಳ ಕಾಲ ಉಪದೇಶ ಮಾಡಿದ ಮೇಲೆ, ತನಗೇ ದೇವರ ಪರಿಚಯವಿಲ್ಲ ಎಂದು ಕಂಡುಕೊಂಡವನ ಕಥೆ ಅದು. ರಮಾಬಾಯಿಗೆ ಅದರಲ್ಲಿ ತಮ್ಮದೇ ಮುಖ ಕಂಡಿತು.

ತಾವು ಒಂದು ಮತವನ್ನು ಬಿಟ್ಟು ಇನ್ನೊಂದು ಮತವನ್ನು ಹಿಡಿದಿದ್ದೇವೆ. ಅದರ ತತ್ವ ಇಷ್ಟವಾಗಿದೆ, ನಿಯಮ ಒಪ್ಪಿಗೆಯಾಗಿದೆ. ಆದರೆ ಆ ಧರ್ಮಕ್ಕೆ ಜೀವವಾದ ಕ್ರಿಸ್ತನನ್ನು ಬುದ್ಧಿಯಿಂದ ತಿಳಿದಿದ್ದೇವೆಯೇ ಹೊರತು ಮನಸ್ಸು ಕೊಟ್ಟಿಲ್ಲ. ಇದು ಅವರು ಮುಂದೆ 1907ರಲ್ಲಿ ಬರೆದ ಆತ್ಮನಿವೇದನೆಯ ತಿರುಳು. ಶಾಸ್ತ್ರಗಳನ್ನು ಅರಗಿಸಿಕೊಂಡಿದ್ದ ಪಂಡಿತೆಗೆ ಹೀಗೆ ಒಪ್ಪಿಕೊಳ್ಳುವುದು ಸುಲಭವಿರಲಿಲ್ಲ. ಯೋಗ್ಯತೆ ಗಳಿಸಿ ದೇವರ ಹತ್ತಿರ ಹೋಗುವ ಪ್ರಯತ್ನ ಬಿಟ್ಟು, ಇದ್ದ ಹಾಗೆಯೇ ತಮ್ಮನ್ನು ಒಪ್ಪಿಸಿಕೊಂಡಾಗ ಮನಸ್ಸು ಹಗುರಾಯಿತು ಎಂದು ಅವರು ಹೇಳಿಕೊಂಡಿದ್ದಾರೆ.

ಆ ಪ್ರೀತಿಗೆ ಬೆಲೆಯನ್ನೂ ತೆರಬೇಕಾಯಿತು. ಸದನದಲ್ಲಿ ಮತಪ್ರಚಾರ ಇರುವುದಿಲ್ಲ ಎಂಬುದು ಒಪ್ಪಂದ. ರಮಾಬಾಯಿ ತಮ್ಮ ಕೋಣೆಯ ಬಾಗಿಲು ತೆರೆದಿಟ್ಟುಕೊಂಡೇ ಪ್ರಾರ್ಥಿಸುತ್ತಿದ್ದರು. ಕೆಲವು ಹುಡುಗಿಯರು ಬಂದು ಕೂರತೊಡಗಿದರು. ಇದು ವಿಶ್ವಾಸದ್ರೋಹ ಎಂದು ತಿಲಕರ ಕೇಸರಿ ಪತ್ರಿಕೆ ಟೀಕಿಸಿತು. 1893ರಲ್ಲಿ ರಾನಡೆ, ಭಂಡಾರಕರ್ ಅವರಂಥ ಹಿತೈಷಿಗಳೇ ಸಲಹಾ ಮಂಡಳಿಯಿಂದ ಹೊರನಡೆದರು. ಪೋಷಕರು ಹಲವು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಯಾರನ್ನೂ ಬಲವಂತ ಮಾಡಿಲ್ಲ, ಆದರೆ ತಮ್ಮ ಪ್ರಾರ್ಥನೆಯನ್ನು ಬಚ್ಚಿಡುವುದಿಲ್ಲ ಎಂಬುದು ರಮಾಬಾಯಿ ಅವರ ಉತ್ತರವಾಗಿತ್ತು.

ಪ್ರೀತಿ ಕೆಲಸವಾದಾಗ

ದೇವರ ಜೊತೆಗಿನ ನಂಟು ಮೊದಲು ಎಂದರೆ ಲೋಕಕ್ಕೆ ಬೆನ್ನು ಹಾಕುವುದು ಎಂದು ಅವರು ತಿಳಿಯಲಿಲ್ಲ. 1896-97ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಭೀಕರ ಬರ ಬಿದ್ದಾಗ, ಹಸಿವು ಏನೆಂದು ಬಲ್ಲ ಅವರು ತಾವೇ ಅಲ್ಲಿಗೆ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಕೇಡಗಾಂವ್‌ನ ಹೊಲದಲ್ಲಿ ಮುಕ್ತಿ ಎದ್ದು ನಿಂತಿತು. 1900ರ ಗುಜರಾತ್ ಬರದ ಹೊತ್ತಿಗೆ ಅಲ್ಲಿದ್ದವರ ಸಂಖ್ಯೆ ಸುಮಾರು 2 ಸಾವಿರಕ್ಕೆ ಏರಿತು. ಅಲ್ಲಿ ನೇಯ್ಗೆ, ಬೇಸಾಯ, ಅಚ್ಚುಕೂಟ, ಅಂಧರಿಗೆ ಶಿಕ್ಷಣ ಎಲ್ಲವೂ ಇತ್ತು. ದಿನ ಶುರುವಾಗುತ್ತಿದ್ದುದು ಮಾತ್ರ ಪ್ರಾರ್ಥನೆಯಿಂದ.

ಆಗಿದ್ದ ಮರಾಠಿ ಬೈಬಲ್ ಸಂಸ್ಕೃತಮಯವಾಗಿ ಹಳ್ಳಿಯ ಹೆಂಗಸರಿಗೆ ಅರ್ಥವಾಗುತ್ತಿರಲಿಲ್ಲ. ಸಂಸ್ಕೃತದಲ್ಲೇ ಹೆಸರು ಮಾಡಿದ ರಮಾಬಾಯಿ ನಡುವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಕಲಿತು ಅದನ್ನು ಆಡುಮಾತಿನ ಮರಾಠಿಗೆ ತಂದರು. ಅಕ್ಷರ ಜೋಡಿಸಿದವರು ಮುಕ್ತಿಯ ಹೆಂಗಸರೇ. ಓದು ಬಾರದವಳೂ ದೇವರ ಮಾತನ್ನು ನೇರವಾಗಿ ಕೇಳಬೇಕು ಎಂಬುದೇ ಆ ವರ್ಷಗಟ್ಟಲೆ ದುಡಿಮೆಯ ಗುರಿ.

1921ರ ಜುಲೈನಲ್ಲಿ, ಕೆಲಸದಲ್ಲಿ ಬಲಗೈಯಾಗಿದ್ದ ಮನೋರಮಾ ತೀರಿಕೊಂಡರು. ಒಬ್ಬೊಬ್ಬರಾಗಿ ಎಲ್ಲರನ್ನೂ ಕಳೆದುಕೊಂಡ ತಾಯಿ ಅನುವಾದದ ಕೆಲಸ ನಿಲ್ಲಿಸಲಿಲ್ಲ. 1922ರ ಏಪ್ರಿಲ್ 5ರಂದು ಅವರೂ ಕಣ್ಮುಚ್ಚಿದರು. ಅವರ ಮರಾಠಿ ಬೈಬಲ್ ಪೂರ್ಣವಾಗಿ ಹೊರಬಂದದ್ದು 1924ರಲ್ಲಿ.

1989ರಲ್ಲಿ ಭಾರತ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ತಂದಿತು. ಸಮಾಜ ಸುಧಾರಕಿಯಾಗಿ ಅವರು ಇತಿಹಾಸದಲ್ಲಿ ಉಳಿದಿದ್ದಾರೆ. ಆದರೆ ಆ ಸುಧಾರಣೆಯ ಬೇರು ಎಲ್ಲಿತ್ತು ಎಂದು ಅವರನ್ನೇ ಕೇಳಿದ್ದರೆ, ಶಾಲೆಯನ್ನೋ ಪುಸ್ತಕವನ್ನೋ ತೋರಿಸುತ್ತಿರಲಿಲ್ಲ. ಧರ್ಮ ಬದಲಿಸಿದ ದಿನವನ್ನೂ ಅಲ್ಲ, ಎಂಟು ವರ್ಷ ತಡವಾಗಿ ದೇವರಿಗೆ ಮನಸ್ಸು ಕೊಟ್ಟ ದಿನವನ್ನು ನೆನೆಯುತ್ತಿದ್ದರು.