ಕಂಪ್ಯೂಟರಿಗೆ ಮಾತು ಕಲಿಸಿದ ಗ್ರೇಸ್ ಹಾಪರ್

ಗ್ರೇಸ್ ಹಾಪರ್ ಅವರು 1906ನೇ ಇಸವಿ ಡಿಸೆಂಬರ್ 9ರಂದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಏಳು ವರ್ಷದ ಹುಡುಗಿಯಾಗಿದ್ದಾಗ, ಅಲಾರಾಂ ಗಡಿಯಾರ ಹೇಗೆ ಓಡುತ್ತೆ ಅಂತ ನೋಡಲು ಮನೆಯಲ್ಲಿದ್ದ ಏಳು ಗಡಿಯಾರಗಳನ್ನು ಒಂದೊಂದಾಗಿ ಬಿಚ್ಚಿ ಹಾಕಿದ್ದರಂತೆ! ಇನ್ನು ಮೇಲೆ ಒಂದನ್ನು ಮಾತ್ರ ಬಿಚ್ಚಬಹುದು ಅಂತ ತಾಯಿ ಹೇಳಿದರಂತೆ. ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಅವರಿಗೆ 16 ವರ್ಷ. 1934ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ವಸಾರ್ ಕಾಲೇಜಿನಲ್ಲಿ ಗಣಿತದ ಮೇಡಂ ಆಗಿದ್ದರು.

ಎರಡನೇ ಮಹಾಯುದ್ಧದ ಕಾಲದಲ್ಲಿ ನೌಕಾಪಡೆ ಸೇರಲು ಹೋದಾಗ ವಯಸ್ಸು ಜಾಸ್ತಿ, ತೂಕ ಕಡಿಮೆ ಅಂತ ಅಡ್ಡಿ ಬಂತು. ಅವರು ಪಟ್ಟು ಬಿಡದೆ 1943ರಲ್ಲಿ ಸೇರಿಯೇಬಿಟ್ಟರು. 1944ರಲ್ಲಿ ಅವರನ್ನು ಹಾರ್ವರ್ಡ್‌ನ ಮಾರ್ಕ್ 1 ಎಂಬ ಕಂಪ್ಯೂಟರಿನ ಕೆಲಸಕ್ಕೆ ಹಾಕಿದರು. ಅದರ ಉದ್ದ 51 ಅಡಿ. ನಮ್ಮ ಎರಡು ತರಗತಿ ಸೇರಿದರೆ ಅಷ್ಟಾಗಬಹುದು!

ಆಗೆಲ್ಲ ಕಂಪ್ಯೂಟರಿಗೆ ಏನು ಹೇಳಬೇಕಾದರೂ ಅಂಕಿಗಳಲ್ಲೇ ಹೇಳಬೇಕಿತ್ತು. ಒಂದು ಅಂಕಿ ತಪ್ಪಿದರೆ ಲೆಕ್ಕವೆಲ್ಲ ಹಾಳು. ಆ ಕಷ್ಟದ ಕೆಲಸವನ್ನು ಕಂಪ್ಯೂಟರೇ ಮಾಡಲಿ ಎಂದು ಹಾಪರ್ ಅವರು 1952ರಲ್ಲಿ ಎ-0 ಎಂಬ ಕಂಪೈಲರ್ ತಯಾರಿಸಿದರು. ಕಂಪೈಲರ್ ಅಂದರೆ ನಾವು ಬರೆದದ್ದನ್ನು ಚಿಪ್‌ಗೆ ಅರ್ಥವಾಗುವ ಅಂಕಿಗಳಿಗೆ ಬದಲಾಯಿಸುವ ಪ್ರೋಗ್ರಾಂ. ಕಂಪ್ಯೂಟರ್ ಲೆಕ್ಕ ಮಾಡುತ್ತೆ ಅಷ್ಟೇ ಅಂತ ಬಹಳ ಜನ ಇದನ್ನು ನಂಬಲೇ ಇಲ್ಲ. ಆಮೇಲೆ ಇಂಗ್ಲಿಷ್ ಪದಗಳಲ್ಲಿ ಬರೆಯುವ ಫ್ಲೋ-ಮ್ಯಾಟಿಕ್ ಬಂತು. 1959ರಲ್ಲಿ ಶುರುವಾದ ಕೊಬಾಲ್ ಭಾಷೆಗೆ ಅದು ತಳಹದಿಯಾಯಿತು. ಫ್ರೆಂಚ್, ಜರ್ಮನ್ ಪದಗಳಲ್ಲೂ ಪ್ರೋಗ್ರಾಂ ನಡೆಸಿ ತೋರಿಸಿದಾಗ ಕಂಪನಿಯ ದೊಡ್ಡವರೇ ಗಾಬರಿಯಾದರಂತೆ. ಯಂತ್ರಕ್ಕೆ ಎಲ್ಲ ಭಾಷೆಯೂ ಒಂದೇ ಎಂಬುದು ಇದರಿಂದ ತಿಳಿಯುತ್ತದೆ. ಆದ್ದರಿಂದ ಗೆಳೆಯರೇ, ಕನ್ನಡ ಮಾಧ್ಯಮದವರಿಗೆ ಕಂಪ್ಯೂಟರ್ ಬರಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಒಂದು ಎತ್ತು ದಿಮ್ಮಿ ಎಳೆಯದಿದ್ದರೆ ಎತ್ತನ್ನೇ ದೊಡ್ಡದು ಮಾಡಲು ಹೋಗಬಾರದು, ಜೊತೆಗೆ ಇನ್ನೊಂದು ಎತ್ತು ಕಟ್ಟಬೇಕು, ಕಂಪ್ಯೂಟರೂ ಹಾಗೇ ಎಂದು ಅವರು ವಿವರಿಸುತ್ತಿದ್ದರು. ಈಗಿನ ಚಿಪ್‌ಗಳಲ್ಲಿ ಅದೇ ಆಗಿದೆ. ಒಂದೇ ಚಿಪ್‌ನಲ್ಲಿ ಹಲವು ಕೋರ್‌ಗಳಿರುತ್ತವೆ. ಕೆಲವದರಲ್ಲಿ ಒಂದೇ ಕೋರ್ ಎರಡು ಕೆಲಸ ಹಿಡಿಯುತ್ತದೆ. ಇದೇ ಮಲ್ಟಿಥ್ರೆಡಿಂಗ್. ಅಡಿಕೆ ಸುಲಿಯುವಾಗ ಒಂದು ಮೆಟ್ಟುಗತ್ತಿಗೆ ಇಬ್ಬರಿದ್ದ ಹಾಗೆ. ಒಬ್ಬರು ಬುಟ್ಟಿ ತುಂಬಿಕೊಂಡು ಬರುವಷ್ಟರಲ್ಲಿ ಇನ್ನೊಬ್ಬರು ಸುಲಿಯುತ್ತಾರೆ, ಕತ್ತಿ ಸುಮ್ಮನೆ ಕೂರಲ್ಲ. ಆದರೆ ಇಬ್ಬರಿಗೂ ಸದಾ ಕತ್ತಿಯೇ ಬೇಕಾದರೆ ಲಾಭವಿಲ್ಲ. ಅದಕ್ಕೇ ದೊಡ್ಡ ದೊಡ್ಡ ಲೆಕ್ಕ ಮಾಡುವವರು ಕೆಲವು ಸಲ ಸೆಟ್ಟಿಂಗ್‌ನಲ್ಲಿ ಇದನ್ನು ಆಫ್ ಮಾಡುತ್ತಾರೆ. ಚಿಪ್ ಹೊಸದಾದರೆ ಅದನ್ನು ಬಲ್ಲ ಕಂಪೈಲರ್ ಆರಿಸಬೇಕು. ಹಳೇ ಕಂಪೈಲರ್‌ಗೆ ಹೊಸ ಚಿಪ್‌ನ ಹೊಸ ಆಜ್ಞೆಗಳು ಗೊತ್ತಿರಲ್ಲ, ಹಾಗಾಗಿ ಅದರ ಪೂರ್ತಿ ಶಕ್ತಿ ಸಿಗಲ್ಲ.

ಹಾಪರ್ ಅವರು ಒಳ್ಳೆಯ ಶಿಕ್ಷಕಿ. ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗಕ್ಕೆ ನ್ಯಾನೋಸೆಕೆಂಡ್ ಎನ್ನುತ್ತಾರೆ. ಅಷ್ಟರಲ್ಲಿ ವಿದ್ಯುತ್ ಹೆಚ್ಚೆಂದರೆ ಎಷ್ಟು ದೂರ ಹೋಗಬಲ್ಲದು ಅಂತ ತೋರಿಸಲು ಸುಮಾರು 30 ಸೆಂ.ಮೀ. ತಂತಿಯ ತುಂಡುಗಳನ್ನು ಹಂಚುತ್ತಿದ್ದರು. ನಮ್ಮ ಸ್ಕೇಲಿನಷ್ಟೇ ಉದ್ದ!

1986ರಲ್ಲಿ, 79ನೇ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದರು. 1992ರ ಜನವರಿ 1ರಂದು ನಿಧನರಾದರು. 2022ರಲ್ಲಿ ಎನ್‌ವಿಡಿಯಾ ಕಂಪನಿ ತನ್ನ ಹೊಸ ಚಿಪ್ ವಿನ್ಯಾಸಕ್ಕೆ ಹಾಪರ್ ಎಂದೇ ಹೆಸರಿಟ್ಟಿತು.

ಶಿವಮೊಗ್ಗಕ್ಕೆ ಹೋಗಿ ಕಂಪ್ಯೂಟರ್ ಓದಬೇಕು ಎಂದು ಆಸೆಪಡುವ ನಮ್ಮೂರಿನ ಅಕ್ಕಂದಿರಿಗೂ ನಮಗೂ ಇವರ ಬದುಕು ದಾರಿದೀಪ.

– 7ನೇ ತರಗತಿ