ಪಂಪ್ ನಿಂತ ಮೇಲೆ ನೆನಪಾದ ದಿವಾನರು

ಕನಕಪುರದಿಂದ ಬೆಂಗಳೂರಿನ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವ ನನಗೆ ಶೇಷಾದ್ರಿಪುರ ಒಂದು ಬಡಾವಣೆಯ ಹೆಸರಷ್ಟೇ ಆಗಿತ್ತು. ಈ ಸೆಮಿಸ್ಟರ್‌ನಲ್ಲಿ ಮುಚ್ಚಿದ ಗಣಿಗಳ ನೀರಿನ ಬಗ್ಗೆ ಸೆಮಿನಾರ್ ಕೊಡಬೇಕಾಯಿತು. ಕೆಜಿಎಫ್ ಕಥೆ ಓದುತ್ತಾ ಹೋದಾಗ ಸಿಕ್ಕವರು ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್.

1845ರಲ್ಲಿ ಪಾಲಕ್ಕಾಡಿನ ಬಳಿ ಹುಟ್ಟಿದ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, 1868ರಲ್ಲಿ ಮೈಸೂರಿನ ಸರ್ಕಾರಿ ಕೆಲಸಕ್ಕೆ ಬಂದರು. 1883ರಲ್ಲಿ ರಂಗಾಚಾರ್ಲು ಅವರ ನಂತರ ದಿವಾನರಾಗಿ ಸುಮಾರು 18 ವರ್ಷ ಆಡಳಿತ ನಡೆಸಿದರು. ಬೆಂಗಳೂರಿಗೆ ಹೆಸರಘಟ್ಟದ ಕೊಳಾಯಿ ನೀರು, ಹಿರಿಯೂರಿನ ಮಾರಿಕಣಿವೆ ಅಣೆಕಟ್ಟು, 1894ರಲ್ಲಿ ಭೂವಿಜ್ಞಾನ ಇಲಾಖೆ ಎಲ್ಲವೂ ಅವರ ಕಾಲದವು.

ಕೋಲಾರದ ಚಿನ್ನದ ಗಣಿಗಳು ಆಗ ಉಗಿಯಂತ್ರಗಳನ್ನು ನೆಚ್ಚಿಕೊಂಡಿದ್ದವು. ಅಯ್ಯರ್ ಅವರ ಕಣ್ಣು ಬಿದ್ದದ್ದು ಶಿವನಸಮುದ್ರದ ಜಲಪಾತದ ಮೇಲೆ. ಅಲ್ಲಿ ವಿದ್ಯುತ್ ತಯಾರಿಸಿ, ಆಗ ಕಾನಕಾನಹಳ್ಳಿ ಎನಿಸಿಕೊಂಡಿದ್ದ ನಮ್ಮ ಕನಕಪುರದ ಕಡೆಯಿಂದ ಸುಮಾರು 147 ಕಿ.ಮೀ. ದೂರದ ಕೆಜಿಎಫ್‌ಗೆ ಸಾಗಿಸುವ ಯೋಜನೆಗೆ ಅವರು ಬೆನ್ನೆಲುಬಾದರು. 1902ರ ಜೂನ್ 30ರಂದು ಕರೆಂಟ್ ಗಣಿ ತಲುಪಿತು. ಆದರೆ ಅದನ್ನು ನೋಡಲು ಅವರಿರಲಿಲ್ಲ. 1901ರ ಸೆಪ್ಟೆಂಬರ್‌ನಲ್ಲೇ ತೀರಿಕೊಂಡಿದ್ದರು. ತಂತಿ ಹಾದುಹೋದ ಊರುಗಳಿಗೆ ದೀಪ ಬರಲು ಇನ್ನೂ ಎಷ್ಟೋ ವರ್ಷ ಬೇಕಾಯಿತು.

ಆ ಕರೆಂಟು ಮೊದಲು ಅದಿರು ಪುಡಿ ಮಾಡುವ ಯಂತ್ರಗಳನ್ನು, ಮುಂದೆ ಪಂಪ್‌ಗಳನ್ನೂ ಓಡಿಸಿತು. ಗಣಿ ಎಂದರೆ ದೊಡ್ಡದೊಂದು ಬಾವಿ. ಸುತ್ತಲಿನ ಅಂತರ್ಜಲ ಬಂಡೆಯ ಬಿರುಕುಗಳಿಂದ ಜಿನುಗುತ್ತಲೇ ಇರುತ್ತದೆ. ಸಾವಿರ ಲೀಟರ್ ನೀರನ್ನು ಒಂದು ಕಿ.ಮೀ. ಮೇಲೆತ್ತಲು ಕಡಿಮೆಯೆಂದರೂ 2.7 ಯೂನಿಟ್ ಬೇಕು. ಚಾಂಪಿಯನ್ ರೀಫ್ ಗಣಿಯೋ 3 ಕಿ.ಮೀ.ಗೂ ಹೆಚ್ಚು ಆಳ!

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಪಂಪ್ ನಿಂತರೆ ನೀರು ಸುಮ್ಮನಿರುತ್ತದೆಯೇ? ಸುರಂಗಗಳನ್ನು ತುಂಬುತ್ತಾ ಮೇಲೇರುತ್ತದೆ. ಸಲ್ಫೈಡ್ ಇರುವ ಬಂಡೆ ಗಾಳಿ, ನೀರಿಗೆ ಒಡ್ಡಿಕೊಂಡಿದ್ದರೆ ಲೋಹದ ಲವಣಗಳು ಅದರಲ್ಲಿ ಕರಗಬಹುದು. ಪೂರ್ತಿ ಮುಳುಗಿದ ಮೇಲೆ ಆಮ್ಲಜನಕ ಸಿಗದೆ ಆ ಕ್ರಿಯೆ ನಿಧಾನವಾಗುತ್ತದೆ. ಆದರೂ ಪರೀಕ್ಷಿಸದೆ, ಶುದ್ಧೀಕರಿಸದೆ ಅಂಥ ನೀರನ್ನು ಕುಡಿಯುವಂತಿಲ್ಲ.

ನಮ್ಮ ತೋಟದ ಬೋರ್‌ವೆಲ್ ಬತ್ತಿ ಎರಡು ವರ್ಷವಾಯಿತು. ಅಪ್ಪ ಮತ್ತೊಂದು ಕೊರೆಸುವ ಲೆಕ್ಕದಲ್ಲಿದ್ದಾರೆ. ಅಲ್ಲಿ ನೀರಿದ್ದೂ ಭಯ, ಇಲ್ಲಿ ನೀರಿಲ್ಲದ ಭಯ. ಎರಡು ಕಡೆಯೂ ನೀರೆತ್ತುವಾಗ ಇದ್ದ ಉತ್ಸಾಹ, ಮುಂದೇನು ಎಂದು ಯೋಚಿಸುವಾಗ ಇರಲಿಲ್ಲ.

ತಾವು ಕಾಣದ ನಾಳೆಗಾಗಿ ದುಡಿದ ಅಯ್ಯರ್ ಅವರ ಬಗ್ಗೆ ನನಗೆ ಗೌರವವಿದೆ. ಅವರು ಪಂಪ್ ಶುರುವಾಗುವ ದಿನಕ್ಕೆ ದಾರಿ ಮಾಡಿದರು. ಪಂಪ್ ನಿಲ್ಲುವ ದಿನದ ಲೆಕ್ಕವನ್ನೂ ಮೊದಲೇ ಬರೆದಿಡುವುದು ನಮ್ಮ ತಲೆಮಾರಿನ ಎಂಜಿನಿಯರುಗಳ ಕೆಲಸ. ನನ್ನ ಸೆಮಿನಾರನ್ನು ಈ ಮಾತಿನಿಂದಲೇ ಮುಗಿಸಿದೆ.